ಅಂಗೈ ಕಡೆ ತಿರುಗಿಸಿದ ಉಂಗುರ

ನಮ್ಮ ವರ್ಕ್‌ಶಾಪ್ ಇರುವುದು ಲಂಡನ್ನಿನಲ್ಲಿ ಬಂಗಾರದ ಕೆಲಸದವರ ಬೀದಿಯಾದ ಹ್ಯಾಟನ್ ಗಾರ್ಡನ್ನಿನ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ ಹಿಡಿದು ಯಾರಾದರೂ ಹತ್ತಿದರೆ ಅವರ ಕೈಯ ಉಂಗುರ ಅದಕ್ಕೆ ತಾಗಿ ಟಿಣ್ ಟಿಣ್ ಅನ್ನುತ್ತದೆ. ಬರುತ್ತಿರುವುದು ಗಿರಾಕಿಯೋ ಕೊರಿಯರ್‌ನವನೋ ಅಂತ ನಾವು ಒಳಗೆ ಕೂತೇ ಹೇಳಿಬಿಡುತ್ತೇವೆ. ಕಳೆದ ಚಳಿಗಾಲದಲ್ಲಿ ಆ ಅಜ್ಜಿ ಹತ್ತಿ ಬಂದಾಗ ಅಂಥ ಸದ್ದೇನೂ ಬರಲಿಲ್ಲ, ಬರೀ ಏದುಸಿರು ಕೇಳಿಸಿತು. ಪಾಪ, ದಾರಿ ತಪ್ಪಿ ಬಂದಿರಬೇಕು ಅಂದುಕೊಂಡೆ.

ಉಂಗುರ ಅವರ ಕೈಯಲ್ಲಿರಲಿಲ್ಲ, ಕರವಸ್ತ್ರದ ಗಂಟಿನಲ್ಲಿತ್ತು. ಬಿಚ್ಚಿ ಮೇಜಿನ ಮೇಲಿಟ್ಟರು. ಕೆಂಪು ಛಾಯೆಯ ಬಂಗಾರ. ಒಳಗಡೆ ಸಣ್ಣಗೆ ಐವತ್ತಾರು ಅಂತ ಒತ್ತಿದ ಅಂಕಿ. ಝಾರ್ ದೊರೆಗಳ ಕಾಲದ ರಷ್ಯಾದಲ್ಲಿ ಬಂಗಾರಕ್ಕೆ ಹಾಕುತ್ತಿದ್ದ ಗುರುತು ಅದು, ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಕ್ಯಾರೆಟ್. ಮುಖ ಮಾತ್ರ ಸವೆದು ಸಪಾಟಾಗಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಕೆಳಗಡೆ ಕೊಂಬಿನ ತುದಿಯಂಥ ಒಂದು ತಗ್ಗು, ಅಂಚಿನಲ್ಲಿ ನಾಲ್ಕಾರು ಗೆರೆ, ಎಲ್ಲದರ ಮೇಲೆ ಅಡ್ಡಡ್ಡ ಒಂದು ಕಚ್ಚು. ಆ ಕಚ್ಚು ಕೊರೆದವನದಲ್ಲ, ಏನೋ ಬಡಿದು ಆದದ್ದು ಅಂತ ನೋಡಿದ ತಕ್ಷಣ ಗೊತ್ತಾಯಿತು.

"ಇದನ್ನು ಮೊದಲಿನ ಹಾಗೆ ಮಾಡಿಕೊಡ್ತೀರಾ?" ಅಂದರು ಅಜ್ಜಿ.

"ಮೊದಲು ಹೇಗಿತ್ತು?"

"ನನಗೇನು ಗೊತ್ತು, ಡಿಯರ್? ನಾನು ಹುಟ್ಟುವಷ್ಟರಲ್ಲಿ ಸವೆದು ಹೋಗಿತ್ತು."

ನಾನು ಮುದ್ರೆ ಉಂಗುರ ಕೊರೆಯುವವಳು. ಹಿಂದೆ ಪತ್ರದ ಮೇಲೆ ಅರಗು ಸುರಿದು ವಂಶದ ಲಾಂಛನ ಒತ್ತುತ್ತಿದ್ದರಲ್ಲ, ಅಂಥ ಉಂಗುರ. ಚಿತ್ರವನ್ನು ಬಂಗಾರದೊಳಕ್ಕೆ ತಗ್ಗಾಗಿ, ಉಲ್ಟಾ ಕೊರೆಯಬೇಕು. ಒತ್ತಿದಾಗ ಅದು ಉಬ್ಬಾಗಿ, ಸರಿಯಾಗಿ ಬರುತ್ತದೆ. ಬೆಳಗಾವಿ ಕಡೆಯ ಪತ್ತಾರರ, ಅಂದರೆ ಅಕ್ಕಸಾಲಿಗರ, ಮನೆಯಲ್ಲಿ ಹುಟ್ಟಿದವಳಾದರೂ ಅಲ್ಲಿ ಹೆಣ್ಣುಮಕ್ಕಳಿಗೆ ಉಳಿ ಕೊಡುತ್ತಿರಲಿಲ್ಲ, ಹಾಗಾಗಿ ಹಿಡಿದದ್ದು ಇಲ್ಲಿಗೆ ಬಂದ ಮೇಲೆ. ಆ ಮನೆಯಿಂದ ನನ್ನ ಜೊತೆ ಬಂದದ್ದು ಒಂದೇ ಒಂದು ನಂಬಿಕೆ, ಅದರ ವಿಷಯ ಮುಂದೆ ಹೇಳುತ್ತೇನೆ.

ಅಜ್ಜಿಗೆ ಚಹಾ ಕೊಟ್ಟು ಕೂರಿಸಿದೆ. ಹಾಲು ಬೇಡ ಅಂದರು, ನಿಂಬೆಹಣ್ಣು ಕೇಳಿದರು. ನಮ್ಮಲ್ಲಿ ನಿಂಬೆಹಣ್ಣು ಎಲ್ಲಿಂದ ಬರಬೇಕು! ಬರೀ ಕರಿ ಚಹಾ ಕುಡಿಯುತ್ತ ಹೇಳಿದರು. ಅವರ ತಾತ, ಅಂದರೆ ತಾಯಿಯ ತಂದೆ, ರಷ್ಯಾದ ಒಂದು ಕುಲೀನ ವಂಶದವರು. ಕ್ರಾಂತಿಯಾದ ಮೇಲೆ ಎಲ್ಲ ಬಿಟ್ಟು ಓಡಿ ಬಂದು ಲಂಡನ್ನಿಗೆ ಮುಟ್ಟಿದಾಗ ಕೈಯಲ್ಲಿ ಉಳಿದದ್ದು ಈ ಉಂಗುರ ಮತ್ತು ಒಬ್ಬಳೇ ಮಗಳು. ಆ ಮಗಳು ದೊಡ್ಡವಳಾಗಿ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ಜೊತೆಗಿನ ಹೆಂಗಸರು 'ಮಹಾರಾಣಿ ಬಂದಳು, ದಾರಿ ಬಿಡ್ರೇ' ಅಂತ ಆಡಿಕೊಳ್ಳುತ್ತಾರೆಂದು ಉಂಗುರದ ಮುಖವನ್ನು ಅಂಗೈ ಕಡೆ ತಿರುಗಿಸಿ ಹಾಕಿಕೊಳ್ಳುತ್ತಿದ್ದಳು. ಬಿಸಿನೀರು, ಸೋಡಾ, ಒದ್ದೆ ಬಟ್ಟೆಯ ಉಜ್ಜಾಟ. ಎಷ್ಟೋ ತಲೆಮಾರು ಬಾಳಿದ ಲಾಂಛನ ಒಬ್ಬ ಹೆಂಗಸಿನ ದುಡಿಮೆಯಲ್ಲಿ ಕರಗಿ ಹೋಯಿತು.

"ನಾವಿಬ್ಬರು ಮಕ್ಕಳು. ಹೊರಗೆ ಹೋದರೆ ಅಕ್ಕ ಅಮ್ಮನ ಉಂಗುರದ ಕೈ ಹಿಡೀತಿದ್ದಳು. ನನಗೆ ಸಿಕ್ತಿದ್ದದ್ದು ಬರಿಗೈ," ಅಂದು ಅಜ್ಜಿ ತಮ್ಮ ಎಡಗೈ ನೋಡಿಕೊಂಡರು.

ಅಮ್ಮ ಕೊನೆಯಲ್ಲಿ ಹಾಸಿಗೆ ಹಿಡಿದಾಗ ನೋಡಿಕೊಂಡವರು ಈ ತಂಗಿ. ಉಂಗುರವನ್ನೂ ಅಮ್ಮ ಇವರಿಗೇ ಕೊಟ್ಟರು. ಅಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ. ಮಾತು ನಿಂತಿತು. ತಂಗಿ ಲಂಡನ್ನಿನ ಪಶ್ಚಿಮಕ್ಕೆ ಈಲಿಂಗ್‌ನಲ್ಲಿ, ಅಕ್ಕ ಪೂರ್ವಕ್ಕೆ ಸ್ಟ್ರಾಟ್‌ಫರ್ಡ್‌ನಲ್ಲಿ. ಒಂದೇ ಟ್ಯೂಬ್ ಲೈನಿನ ಆ ಕಡೆಯವರು ಈ ಕಡೆಯವರು. ನಕ್ಷೆಯಲ್ಲಿ ಅದರ ಬಣ್ಣ ಕೂಡ ಒಂದೇ, ಕೆಂಪು. ನಡುವೆ ಅರ್ಧ ಆಯುಷ್ಯ ಕಳೆದರೂ ಒಬ್ಬರೂ ಆ ರೈಲು ಹತ್ತಲಿಲ್ಲ! ಈಗ ಅಕ್ಕ ಕೇರ್ ಹೋಮ್‌ನಲ್ಲಿದ್ದಾರೆ, ಕಣ್ಣು ಪೂರ್ತಿ ಹೋಗಿದೆ. ಅಲ್ಲಿನ ನರ್ಸ್ ಫೋನ್ ಮಾಡಿ, ನಿಮ್ಮ ಅಕ್ಕ ಅಮ್ಮನ ಉಂಗುರವನ್ನು ಒಮ್ಮೆ ಹಿಡಿದುಕೊಳ್ಳಬೇಕು ಅನ್ನುತ್ತಿದ್ದಾರೆ, ಹೆಚ್ಚು ಕಾಲ ಇಲ್ಲ ಅಂದಿದ್ದಾಳೆ.

"ಒಮ್ಮೆ ಯಾಕೆ, ಕೊಟ್ಟೇಬಿಡ್ತೀನಿ. ಆದರೆ ಇಷ್ಟು ವರ್ಷ ಆದಮೇಲೆ ಹೋಗುವಾಗ ಇಂಥ ಸವೆದ ತುಂಡು ಹಿಡ್ಕೊಂಡು ಹೋಗಲಾ? ತಾತನ ಕಾಲದಲ್ಲಿ ಹೇಗಿತ್ತೋ ಹಾಗೆ ಆಗಬೇಕು. ಅವಳಿಗೆ ಕಣ್ಣು ಕಾಣಲ್ಲ, ಬೆರಳಿಗೆ ತಿಳಿಯೋ ಹಾಗೆ ಆಳವಾಗಿ ಕೊರೀರಿ."

ಅಲ್ಲೇ ಒಪ್ಪಿಕೊಂಡುಬಿಟ್ಟೆ.

ವರ್ಕ್‌ಶಾಪಿನ ಯಜಮಾನರು ಹಳೇ ಕಾಲದ ಇಂಗ್ಲಿಷ್ ಮನುಷ್ಯ. ಕೈಕೆಲಸದಲ್ಲಿ ಗಟ್ಟಿಗರು, ಮಾತು ಕಮ್ಮಿ. ಉಂಗುರ ತಿರುಗಿಸಿ ನೋಡಿ, "ಮುಖ ತೆಳುವಾಗಿದೆ. ಆಳವಾಗಿ ಕೊರೆದರೆ ತೂತು ಬೀಳುತ್ತೆ. ಇದೇ ಅಳತೆಗೆ ಹೊಸದೊಂದು ಮಾಡಿ ಕೊಡು. ಹಳೇದನ್ನು ಹಾಗೇ ಬಿಡು," ಅಂದರು.

"ಹೊಸ ಬಂಗಾರ ಅವರ ಅಮ್ಮನದಾಗುತ್ತಾ?" ಅಂತ ನಾನು ವಾದಕ್ಕೆ ನಿಂತೆ.

"ಹಳೇದಕ್ಕೆ ಬೆಸುಗೆ ಹಾಕಿ ಕೊರೆದರೆ ಅದೂ ಹೊಸದೇ ಅಲ್ವಾ?"

"ಅಲ್ಲ ಸರ್. ಬಂಗಾರ ಅದೇ ಇರುತ್ತಲ್ಲ!"

ಇದೇ ನಾನು ಹೇಳಿದ ನಂಬಿಕೆ. ನಮ್ಮಲ್ಲಿ ಅಜ್ಜಿಯ ಸರ ಸವೆದರೆ ಮುರಿಸಿ ಅವ್ವನಿಗೆ ಪಾಟಲಿ ಬಳೆ ಮಾಡಿಸುತ್ತಾರೆ, ಪಾಟಲಿ ಸೀಳಿದರೆ ಮುರಿಸಿ ಮಗಳಿಗೆ ಬೋರಮಾಳದ ಸರ. ಆಕಾರ ಹೋಯಿತೆಂದು ಯಾರೂ ಅತ್ತದ್ದು ನಾನು ಕಂಡಿಲ್ಲ. 'ಇದು ಆಯಿ ಬಂಗಾರ', ಅಜ್ಜಿಯದು, ಅಂತ ಮೂರನೇ ತಲೆಮಾರಿನ ಮೊಮ್ಮಗಳೂ ಹೇಳಿಕೊಂಡು ಓಡಾಡುತ್ತಾಳೆ. ಸವೆದದ್ದನ್ನು ಸವೆದ ಹಾಗೆ ಇಟ್ಟುಕೊಳ್ಳುವುದು ನಮ್ಮ ಮನೆಯಲ್ಲಿ ಬಡತನದ ಗುರುತು. ಅಪ್ಪನಿಗೆ ಫೋನ್ ಹಚ್ಚಿ ಕೇಳಿದೆ.

"ಮುಖ ತೆಳ್ಳಗಾಗೈತಿ ಅಪ್ಪಾ. ಏನ ಮಾಡ್ಲಿ?"

"ಬಂಗಾರ ಕೂಡಸು ಯವ್ವಾ. ಆದ್ರ ಹೊರಗಿಂದ ಹಾಕಬ್ಯಾಡ, ಅವರ ಮನೀದ ಏನರ ಇದ್ರ ಅದನ್ನ ಕರಗಿಸಿ ಹಾಕು. ಮುರಿಸಿ ಮಾಡಿದ್ರ ಬಂಗಾರ ಎಲ್ಲಿಗೆ ಹೋಗತೈತಿ?"

ಅಜ್ಜಿಗೆ ಇದನ್ನು ಹೇಳಿದಾಗ ಮುಖ ಅರಳಿತು. ಅಮ್ಮನ ಒಂಟಿ ಓಲೆಯೊಂದು ಇತ್ತಂತೆ, ಅದೂ ಐವತ್ತಾರರ ಗುರುತಿನದೇ. ತಂದುಕೊಟ್ಟರು. ಯಜಮಾನರು ಭುಜ ಕುಣಿಸಿ ತಮ್ಮ ಮೇಜಿಗೆ ಹೋದರು.

ಕೆಲಸಕ್ಕೆ ಕೈ ಹಚ್ಚುವ ಮೊದಲು ಲಾಂಛನ ಯಾವುದೆಂದು ಗೊತ್ತಾಗಬೇಕಲ್ಲ. ತಾತನ ಮನೆತನದ ಹೆಸರಿನ ವಂಶ ರಷ್ಯಾದಲ್ಲಿ ಎರಡಿದ್ದವು. ನಾನು ಅವಸರಗೇಡಿ. ಮೊದಲು ಸಿಕ್ಕ ಚಿತ್ರವನ್ನೇ ನಂಬಿ ಎರಡು ದಿನ ಕೂತು ನಕಲು ತೆಗೆದೆ. ಕೆಳಗೆ ನಕ್ಷತ್ರ, ಮೇಲೆ ಕೋಟೆ. ಉಂಗುರದ ಪಕ್ಕ ಇಟ್ಟು ನೋಡಿದರೆ ಆ ಕೊಂಬಿನ ತುದಿ ನಕ್ಷತ್ರಕ್ಕೆ ಎಲ್ಲೂ ಹೊಂದುವುದಿಲ್ಲ! ಆ ವಂಶ ಸೈನ್ಯದಲ್ಲಿ ಬಡ್ತಿ ಪಡೆದು ಕುಲೀನರ ಪಟ್ಟ ಗಿಟ್ಟಿಸಿದವರದು. ನಮ್ಮ ಅಜ್ಜಿಯವರದು ಬೇರೆ. ಕಾಗದ ಹರಿದು ಬುಟ್ಟಿಗೆ ಹಾಕಿ, ಅಜ್ಜಿಯನ್ನೇ ಕರೆದುಕೊಂಡು ಗ್ರಂಥಾಲಯಕ್ಕೆ ಹೋದೆ. ಝಾರ್ ಕಾಲದಲ್ಲಿ ಅಚ್ಚು ಹಾಕಿಸಿದ ಲಾಂಛನಗಳ ದಪ್ಪ ಸಂಪುಟಗಳು. ಹಳೇ ರಷ್ಯನ್ ಲಿಪಿಯನ್ನು ಅಜ್ಜಿ ಭೂತಗನ್ನಡಿ ಹಿಡಿದು ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

ಗುರಾಣಿಯನ್ನು ಅಡ್ಡಕ್ಕೆ ಎರಡು ಭಾಗ ಮಾಡಿದೆ. ಮೇಲಿನ ಭಾಗ ನೀಲಿ. ಅದರಲ್ಲಿ ಮೋಡದೊಳಗಿಂದ ಹೊರಬಂದ ಕವಚ ತೊಟ್ಟ ಬಲಗೈ, ಕೈಯಲ್ಲಿ ಬಾಗಿದ ಖಡ್ಗ. ಕೆಳಗಿನ ಭಾಗ ಕೆಂಪು. ಅದರಲ್ಲಿ ಕೊಂಬು ಮೇಲಾದ ಬೆಳ್ಳಿ ಚಂದ್ರ, ಚಂದ್ರನ ಮೇಲೆ ನೆಟ್ಟಗೆ ನಿಂತ ಬಾಣ. ಗುರಾಣಿಯ ನೆತ್ತಿಗೆ ಶಿರಸ್ತ್ರಾಣ, ಕಿರೀಟ, ಮೂರು ಉಷ್ಟ್ರಪಕ್ಷಿಯ ಗರಿ. ಆ ಗರಿಗಳು ಏನೂ ವಿಶೇಷವಲ್ಲ, ಅಲ್ಲಿನ ಎಷ್ಟೋ ವಂಶಗಳಿಗೆ ಇದ್ದವೇ. ಚಂದ್ರ ಮತ್ತು ಬಾಣ ಮಾತ್ರ ಮೂಲಪುರುಷನ ಕತೆ ಹೇಳುತ್ತವೆ. ಅವನು ಒಬ್ಬ ಮುರ್ಜಾ, ಅಂದರೆ ತಾತಾರರ ಪಾಳೇಗಾರ. ಹುಲ್ಲುಗಾವಲಿನ ದಂಡು ಬಿಟ್ಟು ತನ್ನ ಸವಾರರ ಜೊತೆ ಮಾಸ್ಕೋದ ದೊರೆಯ ಸೇವೆಗೆ ಬಂದ, ಕ್ರೈಸ್ತನಾದ, ಊರುಗಳನ್ನು ಉಂಬಳಿ ಪಡೆದ.

"ಇದು ನಿಜವೋ ಸುಳ್ಳೋ ದೇವರಿಗೇ ಗೊತ್ತು," ಅಂತ ಅಜ್ಜಿ ನಕ್ಕರು. "ಅಲ್ಲಿ ದೊಡ್ಡ ಮನೆತನದವರು ಯಾರನ್ನು ಕೇಳಿದರೂ ನಮ್ಮ ಮೂಲಪುರುಷ ಹೊರಗಿಂದ ಬಂದವನು ಅಂತಾರೆ. ದಂಡಿನಿಂದ ಬಂದ, ಲಿಥುವೇನಿಯಾದಿಂದ ಬಂದ, ಜರ್ಮನರ ಕಡೆಯಿಂದ ಬಂದ. ಅದೇ ನೆಲದಲ್ಲಿ ಹುಟ್ಟಿದವನು ಅಂದರೆ ಮರ್ಯಾದೆ ಇಲ್ಲ! ನಮ್ಮಕ್ಕ ಮಾತ್ರ ಪೂರ್ತಿ ನಂಬಿದ್ದಳು. ಪೊರಕೆ ಮೇಲೆ ಕೂತು ನಾನೇ ಮುರ್ಜಾ ಅಂತ ಓಡಾಡ್ತಿದ್ದಳು."

ಸಂಜೆ ಹೇಸ್‌ನ ನಮ್ಮ ಬಾಡಿಗೆ ಮನೆಯಲ್ಲಿ ರೊಟ್ಟಿ ತಿನ್ನುತ್ತ ಇದನ್ನು ಹೇಳಿದರೆ ನನ್ನ ಗಂಡ ನಕ್ಕೂ ನಕ್ಕೂ ಸುಸ್ತಾದ. "ಹಂಗಾದ್ರ ನಾವೂ ದೊಡ್ಡ ಮಂದೀನ ಬಿಡು. ಅಂವ ಕುದುರಿ ಹತ್ತಿ ಬಂದ, ನಾವು ವೀಸಾ ಹಚ್ಚಿಸ್ಕೊಂಡು ಬಂದೀವಿ. ನಮ್ಮ ಗುರಾಣಿ ಮ್ಯಾಲ ಒಂದು ಸೂಟ್‌ಕೇಸ್ ಕೊರದುಬಿಡು!"

"ಸುಮ್ನ ಊಟ ಮಾಡ್ರಿ," ಅಂದೆನಾದರೂ ನನಗೂ ನಗು ತಡೆಯಲಾಗಲಿಲ್ಲ. ಆ ದಿನಗಳಲ್ಲಿ ನಾನು ಬಹಳ ಖುಷಿಯಲ್ಲಿದ್ದೆ, ಅದನ್ನೂ ಹೇಳಬೇಕು.

ಇನ್ನೊಂದು ವಿಷಯ ಸಂಪುಟದಲ್ಲಿರಲಿಲ್ಲ, ಯಜಮಾನರು ಹೇಳಿದರು. ಲಾಂಛನ ಗಂಡುಮಕ್ಕಳ ಕಡೆಯಿಂದ ಇಳಿಯುತ್ತದೆ. ತಾತನಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ನಿಯಮದ ಪ್ರಕಾರ ಅದು ಅವರಿಗೇ ಮುಗಿಯಿತು. "ಈಗ ಇದು ಯಾರದೂ ಅಲ್ಲ," ಅಂದರು. ನನಗೆ ರೇಗಿಹೋಯಿತು. ಉಳಿಯ ವಿಷಯದಲ್ಲಿ ಇದೇ ಮಾತು ಕೇಳಿ ಬೆಳೆದವಳು ನಾನು. ಇವರಿಬ್ಬರಿಗೆ ಅಲ್ಲದೆ ಮತ್ಯಾರಿಗೆ ಸೇರಬೇಕು ಅಂತ ಹಟ ಇನ್ನೂ ಬಲವಾಯಿತು.

ಮೊದಲು ಹಿತ್ತಾಳೆ ತುಂಡಿನ ಮೇಲೆ ಕೊರೆದು ನೋಡಿದೆ. ಬಣ್ಣ ಹಾಕಲಾಗದ ಕಡೆ ಗೆರೆಗಳಿಂದ ಬಣ್ಣ ಹೇಳುತ್ತಾರೆ. ನೀಲಿಗೆ ಅಡ್ಡಗೆರೆ, ಕೆಂಪಿಗೆ ಉದ್ದಗೆರೆ, ಬೆಳ್ಳಿಯನ್ನು ಖಾಲಿ ಬಿಡಬೇಕು. ಉಂಗುರದ ಅಂಚಿನಲ್ಲಿ ಉಳಿದಿದ್ದ ನಾಲ್ಕಾರು ಗೆರೆ ಉದ್ದಗೆರೆಗಳೇ ಆಗಿದ್ದವು, ಹಾಗಾಗಿ ವಂಶ ಸರಿಯಾಗಿದೆ ಅಂತ ಧೈರ್ಯ ಬಂತು. ಆದರೆ ಹಿತ್ತಾಳೆಯನ್ನು ಮೇಣದ ಮೇಲೆ ಒತ್ತಿ ನೋಡಿದರೆ ಖಡ್ಗ ಹಿಡಿದದ್ದು ಎಡಗೈ! ತೋಳನ್ನು ಉಲ್ಟಾ ಮಾಡಿದ್ದೆ, ಹೆಬ್ಬೆರಳನ್ನು ಉಲ್ಟಾ ಮಾಡುವುದು ಮರೆತಿದ್ದೆ. ಯಜಮಾನರು ಅಪರೂಪಕ್ಕೆ ಗಟ್ಟಿಯಾಗಿ ನಕ್ಕರು. ಎರಡನೇ ತುಂಡಿನಲ್ಲಿ ಸರಿ ಬಂತು.

ಆಮೇಲೆ ಉಂಗುರ. ನಮ್ಮಲ್ಲಿ ಹಳೆಯ ಕೆಲಸ ಮುಟ್ಟುವ ಮುಂಚೆ ಅದರ ಅಚ್ಚು ತೆಗೆಯುವುದು ರೂಢಿ. ಮೆತ್ತನೆಯ ಮೇಣಕ್ಕೆ ಸವೆದ ಮುಖವನ್ನು ಒತ್ತಿ, ಚೀಟಿ ಅಂಟಿಸಿ ಡ್ರಾವರಿಗೆ ಹಾಕಿದೆ. ಉಂಗುರವನ್ನು ಅಲುಗದ ಹಾಗೆ ಅರಗಿನಲ್ಲಿ ಕೂರಿಸಿದೆ. ಓಲೆಯ ಬಂಗಾರವನ್ನು ತಂತಿ ಎಳೆದುಕೊಂಡು ಲೇಸರ್ ಬೆಸುಗೆಯಲ್ಲಿ ಮುಖದ ಮೇಲೆ ಪದರ ಪದರವಾಗಿ ಕೂಡಿಸಬೇಕು. ಶುರು ಮಾಡುವ ಮೊದಲು ಆ ಕಚ್ಚಿನ ಮೇಲೆ ಕೈ ನಿಂತಿತು.

ಯಜಮಾನರು ಹಿಂದೆ ಬಂದು ನಿಂತಿದ್ದರು. "ಅದನ್ನೂ ಮುಚ್ಚುತ್ತೀಯಾ?"

"ಮುಚ್ಚದೆ? ಚಂದ್ರನ ಹೊಟ್ಟೆ ಮೇಲೇ ಹಾದುಹೋಗಿದೆ."

"ಒಂದು ಮಾತು ಅವರನ್ನು ಕೇಳು."

ಫೋನ್ ಮಾಡಿದೆ. ಅಜ್ಜಿ ಆ ಕಡೆ ಸ್ವಲ್ಪ ಯೋಚಿಸಿದರು. "ಆ ಏಟು ಹೇಗಾಯ್ತೋ ನನಗೆ ಗೊತ್ತಿಲ್ಲ. ನನಗೆ ಬುದ್ಧಿ ತಿಳಿಯೋ ಮುಂಚೆಯೇ ಇತ್ತು. ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ, ನೀವು ತಿಳಿದವರು," ಅಂದರು. ನಾನು ತಿಳಿದವಳು! ಗಾಯವಿರುವ ಉಂಗುರವನ್ನು ಯಾರಾದರೂ ಉಡುಗೊರೆ ಕೊಡುತ್ತಾರಾ ಅಂದುಕೊಂಡು ಮುಚ್ಚಿದೆ. ಸಾಣೆ ಹಿಡಿದ ಮೇಲೆ ಅಲ್ಲಿ ಅಂಥದ್ದೊಂದು ಇತ್ತು ಅಂತ ನನಗೇ ಹುಡುಕಿದರೂ ಸಿಗುತ್ತಿರಲಿಲ್ಲ. ಆ ನುಣುಪಿನ ಮೇಲೆ ಬೆರಳಾಡಿಸಿ ಹೆಮ್ಮೆ ಪಟ್ಟದ್ದು ಈಗಲೂ ನೆನಪಿದೆ.

ಕೊರೆಯುವ ಕೆಲಸ ವಾರಗಟ್ಟಲೆ ಹಿಡಿಯಿತು. ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಷ್ಟು ಬಂಗಾರ ಎದ್ದು ಸುರುಳಿಯಾಗಿ ಬೀಳುತ್ತದೆ. ಉಸಿರು ಬಿಗಿಹಿಡಿದು ಒಂದು ಗೆರೆ, ಬಿಟ್ಟು ಇನ್ನೊಂದು. ಸಾಮಾನ್ಯವಾಗಿ ನಾವು ಹೋಗುವ ಆಳಕ್ಕಿಂತ ಹೆಚ್ಚು ಆಳಕ್ಕೆ ಹೋದೆ. ಕುರುಡು ಬೆರಳಿಗೆ ಖಡ್ಗದ ಬಾಗು, ಚಂದ್ರನ ಕೊಂಬು, ಬಾಣದ ತುದಿ ಒಂದೊಂದೂ ಬೇರೆ ಬೇರೆ ತಿಳಿಯಬೇಕು. ನಾನೇ ಕಣ್ಣು ಮುಚ್ಚಿ ಮುಟ್ಟಿ ಮುಟ್ಟಿ ನೋಡಿದೆ. ಮುಗಿದ ದಿನ ಮೇಣದ ಮೇಲೆ ಒತ್ತಿದಾಗ ಮುರ್ಜಾನ ವಂಶ ಎದ್ದು ಕೂತಿತು. ಯಜಮಾನರು ಬಹಳ ಹೊತ್ತು ನೋಡಿ, "ಒಳ್ಳೆ ಕೆಲಸ," ಅಂದರು. ಅವರ ಬಾಯಿಂದ ಅಷ್ಟು ಬರುವುದೂ ದೊಡ್ಡದೇ.

ಅಜ್ಜಿಗೆ ತೋರಿಸಿ, "ನೂರು ವರ್ಷ ಉಜ್ಜಿದರೂ ಇದು ಸವೆಯಲ್ಲ ನೋಡಿ," ಅಂದೆ. ಅಜ್ಜಿ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟರು.

ಅಕ್ಕನ ಹತ್ತಿರ ಒಬ್ಬಳೇ ಹೋಗಲು ಧೈರ್ಯ ಸಾಲದು, ನೀವೂ ಬನ್ನಿ, ಅರಗಿನ ಮೇಲೆ ಒತ್ತಿ ತೋರಿಸುವಿರಂತೆ ಅಂದರು. ಅವರು ಈಲಿಂಗ್‌ನಿಂದ ಹತ್ತಿದ ರೈಲಿಗೇ ನಾನು ಚಾನ್ಸರಿ ಲೇನ್‌ನಲ್ಲಿ ಹತ್ತಿದೆ. ಹೊಸ ಕೋಟು ಹಾಕಿದ್ದರು, ತುಟಿಗೆ ಬಣ್ಣ ಹಚ್ಚಿದ್ದರು. ದಾರಿಯುದ್ದಕ್ಕೂ ಉಂಗುರದ ಡಬ್ಬಿಯನ್ನು ತೆರೆಯುವುದು, ಮುಚ್ಚುವುದು.

ಕೇರ್ ಹೋಮ್‌ನ ಕಿಟಕಿಯ ಹತ್ತಿರ ಅಕ್ಕ ಕೂತಿದ್ದರು. ತಂಗಿಗಿಂತ ಎತ್ತರದ ಹೆಂಗಸು, ನೆಟ್ಟಗಿನ ಬೆನ್ನು. ಹೆಜ್ಜೆ ಸದ್ದು ಕೇಳಿಯೇ, "ಬಂದೆಯಾ? ಇನ್ನೂ ಕಾಲು ಎಳೆದುಕೊಂಡೇ ನಡೀತೀಯಲ್ಲ," ಅಂದರು. ತಂಗಿ ಅತ್ತುಬಿಟ್ಟರು. ಮಾತು ಬೆಳೆಯಲಿಲ್ಲ. ಡಬ್ಬಿ ತೆರೆದು ಉಂಗುರವನ್ನು ಅಕ್ಕನ ಅಂಗೈಯಲ್ಲಿಟ್ಟರು.

ಅಕ್ಕ ಮೊದಲು ಅದನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕೂತರು. ಆಮೇಲೆ ತೋರುಬೆರಳು ನೇರವಾಗಿ ಮುಖದ ಒಂದೇ ಜಾಗಕ್ಕೆ ಹೋಯಿತು. ಚಂದ್ರನ ಹೊಟ್ಟೆ. ಉಗುರು ಏನನ್ನೋ ಹುಡುಕಿತು. ಅಲ್ಲಿಂದ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಅಲ್ಲಿಗೇ ಹೋಯಿತು. ಉಂಗುರವನ್ನು ಸುತ್ತ ತಿರುಗಿಸಿ ಮತ್ತೊಮ್ಮೆ ಮುಟ್ಟಿ ನೋಡಿದರು.

"ತುಂಬ ಚೆನ್ನಾಗಿದೆ," ಅಂದರು ಸಭ್ಯತೆಯಿಂದ. "ಯಾರದು ಇದು?"

"ಅಮ್ಮನದು! ಅಮ್ಮನ ಉಂಗುರ ಕಣೇ!" ತಂಗಿಯ ದನಿ ಒಡೆದುಹೋಯಿತು.

ನಾನು ಬಾಯಿ ಹಾಕಿದೆ. ಅದೇ ಉಂಗುರ, ಅದೇ ಬಂಗಾರ, ಸೇರಿಸಿದ್ದೂ ನಿಮ್ಮ ಅಮ್ಮನ ಓಲೆಯನ್ನೇ ಅಂತ ಒಂದೇ ಉಸಿರಿಗೆ ಹೇಳಿದೆ. ಅವರ ಬೆರಳು ಹಿಡಿದು, ಇದು ಖಡ್ಗ, ಇದು ಚಂದ್ರ, ಇದು ಮುರ್ಜಾನ ಬಾಣ ಅಂತ ತೋರಿಸಿದೆ. ಅವರು ಬೆರಳನ್ನು ನನಗೆ ಬಿಟ್ಟುಕೊಟ್ಟು ಎಲ್ಲ ಕೇಳಿಸಿಕೊಂಡರು.

"ಹೌದು, ತಾತ ಹೇಳ್ತಿದ್ದರು, ಹೀಗೇ ಇತ್ತಂತೆ," ಅಂದರು. "ಇದು ತಾತನ ಉಂಗುರ. ನಾನು ಕೇಳಿದ್ದು ಅಮ್ಮನದು."

ಮತ್ತೆ ಚಂದ್ರನ ಹೊಟ್ಟೆಯ ಮೇಲೆ ಬೆರಳಿಟ್ಟರು. ಅವರೇ ಮುಂದುವರಿಸಿದರು. "ಇಲ್ಲೊಂದು ಏಟು ಇತ್ತು. ನೀನಿನ್ನೂ ಹುಟ್ಟಿರಲಿಲ್ಲ. ಲಾಂಡ್ರಿಯಲ್ಲಿ ಬಟ್ಟೆ ಹಿಂಡೋ ಉರುಳೆಗೆ ಅಮ್ಮನ ಕೈ ಸಿಕ್ಕಿತು. ನಾನು ಅಲ್ಲೇ ಬುಟ್ಟಿ ಮೇಲೆ ಕೂತಿದ್ದೆ. ಉಂಗುರ ಅಡ್ಡ ನಿಂತಿತು, ಬೆರಳು ಉಳೀತು. ಆಮೇಲೆ ನಾನು ಆ ಏಟಿನೊಳಗೆ ಉಗುರು ಸಿಗಿಸಿಕೊಂಡೇ ಮಲಗ್ತಿದ್ದೆ. ಅಮ್ಮ ಉಂಗುರ ಒಳಗೆ ತಿರುಗಿಸಿ ಹಾಕ್ತಿದ್ದಳಲ್ಲ, ಕೈ ಹಿಡಿದರೆ ಸರಿಯಾಗಿ ನನ್ನ ಬೆರಳಿಗೇ ಬರ್ತಿತ್ತು."

ತಂಗಿಗೆ ಇದು ಗೊತ್ತಿರಲಿಲ್ಲ. ಹೇಗೆ ಗೊತ್ತಿರಬೇಕು? ಅವರಿಗೆ ಸಿಕ್ಕದ್ದು ಇನ್ನೊಂದು ಕೈ. ಮೊದಲ ದಿನವೇ ಚಹಾ ಕುಡಿಯುತ್ತ ಅವರು ನನಗೆ ಇದನ್ನು ಹೇಳಿದ್ದರು. ಅಕ್ಕನ ಬೆರಳು ದಿನಾ ಆ ಮುಖದ ಮೇಲೇ ಇರುತ್ತಿತ್ತು ಅನ್ನುವುದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒತ್ತಿ ತೋರಿಸಲು ನನ್ನ ಚೀಲದಲ್ಲಿ ತಂದಿದ್ದ ಅರಗನ್ನು ಹೊರಗೆ ತೆಗೆಯದೆ ಹಾಗೇ ಇಟ್ಟುಕೊಂಡೆ.

ಅಕ್ಕ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಉಂಗುರವನ್ನು ತಂಗಿಯ ಕೈಗೆ ವಾಪಸ್ಸು ಇಟ್ಟು, ಆ ಕೈಯನ್ನೇ ಹಿಡಿದುಕೊಂಡು ಕೂತರು. ಇಬ್ಬರೂ ಲಾಂಡ್ರಿಯ ಬಗ್ಗೆ, ಯಾವುದೋ ಬೆಕ್ಕಿನ ಬಗ್ಗೆ ಮಾತಾಡಿದರು. ಜಗಳ ಮುಗಿದಿತ್ತು, ಅಷ್ಟಂತೂ ಆಯಿತು. ಆದರೆ ಅಕ್ಕನ ಬೆರಳು ತಂಗಿಯ ಅಂಗೈಯಲ್ಲಿ ಆಗಾಗ ಏನನ್ನೋ ಹುಡುಕಿ ಹುಡುಕಿ ಸುಮ್ಮನಾಗುತ್ತಿದ್ದದ್ದನ್ನು ನಾನು ನೋಡಿದೆ.

ಮರುದಿನ ಡ್ರಾವರ್ ತೆಗೆದೆ. ಸವೆದ ಮುಖದ ಮೇಣದ ಅಚ್ಚು ಇತ್ತಲ್ಲ! ಅದರಿಂದ ಬೆಳ್ಳಿಯಲ್ಲಿ ಎರಕ ಹೊಯ್ದೆ. ಕೊಂಬಿನ ತುದಿ, ಅಂಚಿನ ಗೆರೆ, ಆ ಕಚ್ಚು, ಎಲ್ಲ ಬಂತು. ಅದನ್ನೊಂದು ಉಂಗುರಕ್ಕೆ ಕೂರಿಸಿ ಯಾರಿಗೂ ಹೇಳದೆ ನಾನೇ ತೆಗೆದುಕೊಂಡು ಹೋದೆ. ಬಂಗಾರ ಅದೇ ಇದ್ದರೆ ಸಾಕು ಅಂತ ವಾದ ಮಾಡಿದವಳು, ಈಗ ಬಂಗಾರವೇ ಅಲ್ಲದ್ದನ್ನು ಹಿಡಿದುಕೊಂಡು ಸ್ಟ್ರಾಟ್‌ಫರ್ಡ್‌ನ ಆ ಜನಜಂಗುಳಿಯ ಶಾಪಿಂಗ್ ಸೆಂಟರ್ ದಾಟಿ ಓಡುತ್ತಿದ್ದೆ.

ಅಕ್ಕ ಉಗುರನ್ನು ಕಚ್ಚಿನೊಳಗೆ ಇಟ್ಟರು. ಸರಿಯಾಗಿ ಕೂತಿತು. ಸ್ವಲ್ಪ ಹೊತ್ತಾದ ಮೇಲೆ ತಲೆ ಅಲ್ಲಾಡಿಸಿದರು.

"ಇದು ಅದರ ಫೋಟೋ," ಅಂದರು. "ಆದರೂ ಥ್ಯಾಂಕ್ಯೂ, ಮಗೂ. ಫೋಟೋನೂ ಇರಬೇಕು."

ಅದನ್ನು ಹಾಸಿ­ಗೆಯ ಪಕ್ಕದ ಮೇಜಿನ ಮೇಲೆ ಇಡಲು ಹೇಳಿದರು. ಕೈಗೆ ಹಾಕಿಕೊಳ್ಳಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಅವರು ಹೋದರು. ಅಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ನಮ್ಮವ್ವನ ಸರ ನಾನ ಮುರದಿದ್ದೆ ಯವ್ವಾ. ಒಮ್ಮಿನೂ ಆಕಿನ್ನ ಕೇಳಿರಲಿಲ್ಲ," ಅಂದ. ಆಮೇಲೆ ಬೇರೆ ಮಾತು ತೆಗೆದ.

ವಸಂತ ಶುರುವಾದ ಮೇಲೆ ಒಂದು ದಿನ ಮೆಟ್ಟಿಲಲ್ಲಿ ಟಿಣ್ ಟಿಣ್ ಸದ್ದು ಕೇಳಿತು. ಬಂದವರು ತಂಗಿ. ಉಂಗುರ ಬೆರಳಲ್ಲಿತ್ತು, ಮುಖ ಅಂಗೈ ಕಡೆ. ಈ ಸಲ ನಾನು ನಿಂಬೆಹಣ್ಣು ತರಿಸಿಟ್ಟಿದ್ದೆ. ಎರಡು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

"ದಿನಾ ಹಾಕಿಕೊಂಡೇ ಇರ್ತೀನಿ. ಪಾತ್ರೆ ತೊಳೆಯುವಾಗಲೂ. ಅಮ್ಮನದರ ಹಾಗೆ ಆಗೋಕೆ ಎಷ್ಟು ವರ್ಷ ಬೇಕು?"

ನನ್ನ ಕೆಲಸದ ಆಳ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಹಳ," ಅಂದೆ.

"ನನಗೆ ಎಂಬತ್ತು ದಾಟಿದೆ, ಡಿಯರ್."

"ನಾನು ಬೇಕಾದರೆ ಅರದಿಂದ ಉಜ್ಜಿ ಸಪಾಟು ಮಾಡಿಕೊಡ್ತೀನಿ. ಈಗಲೇ ಆಗುತ್ತೆ, ಇಲ್ಲೇ ಕೂತಿರಿ."

ಅಜ್ಜಿ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. "ಬೇಡ. ನೀವು ಸಾಕಷ್ಟು ಮಾಡಿದ್ದೀರಿ." ಅದರಲ್ಲಿ ಕೊಂಕಿರಲಿಲ್ಲ, ನನಗೆ ಗೊತ್ತು. ಆದರೂ ಚುಚ್ಚಿತು. ಕೋಟು ಹಾಕಿಕೊಂಡು, ಬಾಗಿಲ ತನಕ ಬಂದ ನನ್ನ ಭುಜ ತಟ್ಟಿ ಇಳಿಯತೊಡಗಿದರು.

ಹತ್ತುವಾಗ ಬಂದಿದ್ದ ಟಿಣ್ ಟಿಣ್ ಈಗ ಇರಲಿಲ್ಲ. ಕರ್ ಅಂತ ಎಡೆಬಿಡದ ಸದ್ದು. ಬಗ್ಗಿ ನೋಡಿದೆ. ಅಜ್ಜಿ ಅಂಗೈಯನ್ನು ಕಬ್ಬಿಣದ ಕಂಬಿಗೆ ಒತ್ತಿ ಹಿಡಿದು, ಉಂಗುರದ ಮುಖವನ್ನು ಉದ್ದಕ್ಕೂ ಉಜ್ಜುತ್ತ, ಮೆಟ್ಟಿಲಿಗೊಮ್ಮೆ ನಿಂತು ಮತ್ತೆ ಒತ್ತುತ್ತ ಇಳಿಯುತ್ತಿದ್ದರು. ಬೇರೆ ಯಾವ ದಿನವಾದರೂ ನನ್ನ ಕೆಲಸಕ್ಕೆ ಯಾರಾದರೂ ಹಾಗೆ ಮಾಡಿದ್ದರೆ ಓಡಿಹೋಗಿ ಕೈ ಹಿಡಿಯುತ್ತಿದ್ದೆ. ಅವತ್ತು ಮೇಲೆಯೇ ನಿಂತೆ. ಆ ಸದ್ದು ಮೂರು ಮಹಡಿ ಇಳಿದು ನಿಲ್ಲುವ ತನಕ, ಇನ್ನಷ್ಟು ಒತ್ತಿ, ಇನ್ನಷ್ಟು ಒತ್ತಿ ಅಂತ ಮನಸ್ಸಿನಲ್ಲೇ ಹೇಳುತ್ತ ನಿಂತಿದ್ದೆ.